ಲಿಂಗಸುಗೂರಿನ ಫ್ಯಾಮಿಲಿ ರೂಮು

ಹೊಗೆಯಿಲ್ಲದ ಒಲೆಗಳು ನಿಜಕ್ಕೂ ಹೊಗೆಯಿಲ್ಲದೆ ಉರಿಯುತ್ತಿವೆಯೇ ಎಂದು ನೋಡಿ ಬರುವುದು ನನ್ನ ಕೆಲಸವಾಗಿತ್ತು. ಎಂಬತ್ತರ ದಶಕದ ಕೊನೆಯ ವರ್ಷಗಳು. ಡಿಗ್ರಿ ಮುಗಿಸಿ ಧಾರವಾಡದ ಮನೆಯಲ್ಲಿ ಕೂತಿದ್ದ ನನಗೆ ಒಂದು ಸಣ್ಣ ಸಂಸ್ಥೆಯಲ್ಲಿ ಈ ನೌಕರಿ ಸಿಕ್ಕಿತು. ಮೇಸ್ತ್ರಿಗಳು ಹಳ್ಳಿಗಳ ಅಡುಗೆಮನೆಯಲ್ಲಿ ಎರಡು ಕುಳಿಯ ಮಣ್ಣಿನ ಒಲೆ ಕಟ್ಟಿ, ಹೊಗೆ ಮಾಳಿಗೆಯ ಮೇಲೆ ಹೋಗುವಂತೆ ಕೊಳವೆ ಕೂರಿಸಿ ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನು ಹೋಗಿ ನೋಡಬೇಕು. ಒಲೆ ಉರಿಯುವ ಹೊತ್ತಿನಲ್ಲಿ ಹೊರಗಿನ ಗಂಡಸರನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲವೆಂದು ಈ ಕೆಲಸಕ್ಕೆ ಹೆಂಗಸೇ ಬೇಕಾಗಿತ್ತು. ಆ ಹೆಂಗಸಿನ ಜೊತೆಗೆ ಇನ್ನೊಬ್ಬರನ್ನು ಕಳಿಸುವ ಅನುಕೂಲ ಮಾತ್ರ ಸಂಸ್ಥೆಗೆ ಇರಲಿಲ್ಲ.

ಹೀಗೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ನಾನೊಬ್ಬಳೇ ತಿರುಗತೊಡಗಿದೆ. ಮೂರೂ ಒಂದೇ ರಸ್ತೆಯ ಮೇಲಿನ ಊರುಗಳು. ಆದರೆ ಒಲೆಗಳು ಬೇರೆ ಬೇರೆ. ಜವಳಗೇರಾ, ವಳಕಮದಿನ್ನಿಯ ಕಡೆ ಕಾಲುವೆ ನೀರು, ಭತ್ತ. ಅಲ್ಲಿ ಒಲೆಗೆ ಹೊಟ್ಟು ಸುರಿಯುತ್ತಿದ್ದರು. ಲಿಂಗಸುಗೂರಿನ ಕಡೆಯ ಒಣ ಊರುಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಸಗಣಿಯ ಕುಳ್ಳು. ವಳಕಮದಿನ್ನಿಯ ಒಂದು ಮನೆಯಲ್ಲಿ ಒಲೆಯ ಎರಡನೇ ಕುಳಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅಡುಗೆ ಅಂಗಳದ ಹಳೆಯ ಒಲೆಯ ಮೇಲೆ ನಡೆದಿತ್ತು. “ಹೊಸಾ ಒಲಿ ಭಾಳ ಚೊಲೋ ಐತ್ರಿ, ಗಾಳಿ ಬಡಿಯಂಗಿಲ್ಲ, ಕೋಳಿಗೆ ಬೆಚ್ಚಗಾಗೈತಿ” ಎಂದು ಆ ಮನೆಯಾಕೆ ಮನಸಾರೆ ಹೊಗಳಿದಳು. ನಾನು ಕೋಳಿಯನ್ನು ನೋಡಿದೆ, ಕೋಳಿ ನನ್ನನ್ನು ನೋಡಿತು.

ಅಡುಗೆಮನೆಯೊಳಗೆ ಇರುವಷ್ಟು ಹೊತ್ತು ನನಗೆ ಒಂಟಿತನವೆಂಬುದೇ ಇರುತ್ತಿರಲಿಲ್ಲ. ಅದು ಕಾಯುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ. ನಾನು ಒಳಗೆ ಕಾಲಿಟ್ಟ ಕೂಡಲೇ ಗಲ್ಲೆಯ ಮೇಲೆ ಕೂತವರು ಕೈ ಮಾಡಿ “ಫ್ಯಾಮಿಲಿ ರೂಮಿಗೆ ಹೋಗ್ರಿ” ಎನ್ನುತ್ತಿದ್ದರು. ಹಿಂಬದಿಯ ಗೋಡೆಗೆ ಪ್ಲೈವುಡ್ಡಿನ ಅಡ್ಡಹಲಗೆ ಹೊಡೆದು ಮಾಡಿದ ಗೂಡುಗಳು, ಪ್ರತಿಯೊಂದಕ್ಕೂ ಎಣ್ಣೆಗೈ ಒರೆಸಿ ಒರೆಸಿ ದಪ್ಪಗಾದ ಪರದೆ. ಒಳಗೆ ನಾಲ್ಕು ಕುರ್ಚಿ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಚೀಲ, ಮತ್ತೊಂದರ ಮೇಲೆ ಛತ್ರಿ. ನಾಲ್ಕನೆಯದಕ್ಕೆ ಇಡಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಸಂಸಾರಸ್ಥರಿಗೆಂದು ಮಾಡಿದ ಆ ಗೂಡಿನೊಳಗೆ ಒಬ್ಬಳೇ ಕೂತಾಗ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನೂ ಬಿಡದೆ ಓದುತ್ತಿದ್ದೆ. ಅರ್ಧ ಸುದ್ದಿ ಇರುತ್ತಿತ್ತು. ಉಳಿದರ್ಧ ಏನಾಗಿರಬಹುದೆಂದು ಊಹಿಸುತ್ತ ಊಟ ಮುಗಿಸುತ್ತಿದ್ದೆ.

ಲಿಂಗಸುಗೂರಿನ ಹೋಟೆಲಿನಲ್ಲಿ ಒಂದು ಸಂತೆಯ ದಿನ ಪಕ್ಕದ ಗೂಡಿನಿಂದ ಬಸಿಯಲ್ಲಿ ಚಹಾ ಹಾಕಿಕೊಂಡು ಸುರ್ರೆಂದು ಎಳೆಯುವ ಸದ್ದು ಬಂತು. ಸಂತೆಯ ದಿನ ಗೂಡುಗಳು ತುಂಬಿರುವುದು ಸಹಜ. ವಿಚಿತ್ರವೆಂದರೆ ಮಾತು ಮಾತ್ರ ಇರಲಿಲ್ಲ. ಅಡ್ಡಹಲಗೆ ನೆಲ ಮುಟ್ಟುತ್ತಿರಲಿಲ್ಲವಾದ್ದರಿಂದ ಚಮಚೆ ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿ ನೋಡಿದೆ. ಒಂದೇ ಜೋಡಿ ಕಾಲು. ಒಡೆದ ಹಿಮ್ಮಡಿ, ದಪ್ಪನೆಯ ಬೆಳ್ಳಿ ಕಾಲುಂಗುರ, ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಬೆಣ್ಣೆಯ ವಾಸನೆ ನನ್ನ ಕಡೆಗೂ ಬರುತ್ತಿತ್ತು.

ಮುಂದಿನ ಸಂತೆಗೂ ಅದೇ ಕಾಲುಗಳು, ಅದೇ ಬುಟ್ಟಿ, ಅದೇ ಸುರ್ರೆನ್ನುವ ಸದ್ದು. ನನಗೆ ತಡೆಯಲಾಗಲಿಲ್ಲ. ಹಲಗೆಯ ಕಡೆ ಮುಖ ಮಾಡಿ ಕೇಳಿದೆ: “ಒಬ್ರೇ ಇದ್ದೀರೇನ್ರಿ?”

ಸದ್ದು ನಿಂತಿತು. ಒಂದು ಹೆಂಗಸಿನ ದನಿ ಬಂತು. “ಯಾಕ?”

“ಸುಮ್ನ ಕೇಳಿದೆ. ನಾನೂ ಒಬ್ಬಾಕೀನ ಇದ್ದೀನಿ. ಈ ಕಡೆ ಬರ್ರಿ, ಮಾತಾಡ್ಕೊಂತ ತಿನ್ನೋಣು.”

“ಮಾತಾಡಾಕ ಮನ್ಯಾಗ ಬೇಕಾದಷ್ಟು ಮಂದಿ ಅದಾರ ತಂಗಿ. ನಾ ಇಲ್ಲಿ ಸುಮ್ಕ ಕುಂದ್ರಾಕ ಬಂದೀನಿ.”

ನನ್ನ ಮುಖ ಬಿಸಿಯಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಆದರೆ ಮಸ್ಕಿಯ ಬಸ್ಸಿನಲ್ಲಿ ಕೂತ ಮೇಲೆ ಅವಮಾನ ನಿಧಾನವಾಗಿ ಇಳಿದು, ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತು. ಯಾವುದರಿಂದ ನಾನು ಓಡಿಹೋಗಬೇಕೆಂದಿದ್ದೆನೋ ಅದನ್ನೇ ಹುಡುಕಿಕೊಂಡು ಈ ಹೆಂಗಸು ಸಂತೆಯಿಂದ ಸಂತೆಗೆ ಬರುತ್ತಿದ್ದಳು. ಸುಮ್ಮನೆ ಕೂತು ಆಕೆ ಏನು ಮಾಡುತ್ತಾಳೆ?

ಅದರ ಮುಂದಿನ ಸಂತೆಯ ದಿನ ನಾನು ಬಾಯಿ ಬಿಡಲಿಲ್ಲ. ಆಕೆಯೇ ತಿಂದು ಮುಗಿಸಿ, ಕೈ ತೊಳೆದು, ನನ್ನ ಪರದೆ ಸರಿಸಿ ಇಣುಕಿದಳು. ನಡುವಯಸ್ಸಿನ ಗಟ್ಟಿ ಮೈಯ ಹೆಂಗಸು. ಇಳಕಲ್ ಸೀರೆಯ ಸೆರಗು ತಲೆ ತುಂಬ, ಹಣೆಯ ಮೇಲೆ ಅಗಲ ಕುಂಕುಮ.

“ಸಿಟ್ಟು ಬಂತೇನು?” ಎಂದಳು.

“ಇಲ್ರಿ.”

“ಬಂದೈತಿ. ಇರ್ಲಿ ಬಿಡು. ಬಸ್ಸಿಗೆ ಇನ್ನಾ ಹೊತ್ತೈತಿ, ಒಂದು ಚಾ ಕುಡಿಯೋಣು.” ನನ್ನ ಛತ್ರಿಯನ್ನು ಎತ್ತಿ ಮೇಜಿನ ಮೇಲಿಟ್ಟು ಕೂತೇ ಬಿಟ್ಟಳು.

ಆಕೆಯ ಊರು ಗುರುಗುಂಟಾ. ಗಂಡ, ಗಂಡನ ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಅತ್ತೆ, ಎಮ್ಮೆ, ಕುರಿ ಎಲ್ಲ ಒಂದೇ ಮನೆಯಲ್ಲಿ. ಬೆಣ್ಣೆ ಮಾರಲು ಸಂತೆಗೆ ಬರುವುದು ಆಕೆಯ ಪಾಲಿನ ಕೆಲಸ. ಬೆಣ್ಣೆ ಬೇಗ ಮಾರಿಹೋಗುತ್ತದೆ, ಬಸ್ಸು ತಡ. ನಡುವಿನ ಹೊತ್ತಿನಲ್ಲಿ ಪರದೆಯ ಹಿಂದೆ ಒಂದು ಪ್ಲೇಟು ಪೂರಿ.

“ಹೊತ್ತು ಹೊಂಟ ಕೂಡ್ಲೇ ಶುರು ಆಗ್ತೈತಿ ನೋಡು. ಯವ್ವಾ ಅಂತ ಒಬ್ರು, ದೊಡ್ಡವ್ವಾ ಅಂತ ಒಬ್ರು, ಏಯ್ ಅಂತ ಮತ್ತೊಬ್ರು. ಮಲಗೋತನಕ ಕರೀತಿರ್ತಾರ. ಇಲ್ಲಿ ಯಾರೂ ಕರಿಯಂಗಿಲ್ಲ. ಪೂರಿ ನಂದು, ಚಾ ನಂದು.”

“ಒಳಗ ಕುಂತು ಏನ್ ಮಾಡ್ತೀರಿ?”

ಆಕೆ ನನ್ನನ್ನು ಸಣ್ಣ ಹುಡುಗಿಯನ್ನು ನೋಡುವಂತೆ ನೋಡಿದಳು. “ಏನ್ ಮಾಡೋದೈತಿ? ಬಿಸಿ ಪೂರಿ ಉಬ್ಬಿರ್ತೈತಲ್ಲ, ಬೆರಳು ಚುಚ್ಚಿದ್ರ ಉಸಿರು ಬಿಡ್ತೈತಿ. ಅದನ್ನ ನೋಡ್ತೀನಿ. ಮನ್ಯಾಗ ಮಾಡಿದಾಗ ನನ್ನ ಪಾಳಿ ಬರೋದ್ರಾಗ ಎಲ್ಲಾ ಆರಿ ಚಪ್ಪಟಿ ಆಗಿರ್ತಾವ.”

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಆಕೆ ತನ್ನ ಗೂಡಿನಲ್ಲಿ, ನಾನು ನನ್ನ ಗೂಡಿನಲ್ಲಿ ತಿನ್ನುವುದು. ತಿನ್ನುವಾಗ ಮಾತಿಲ್ಲ. ಆಮೇಲೆ ಆಕೆ ಬುಟ್ಟಿ ಹಿಡಿದು ಈ ಕಡೆ ಬರುವುದು, ಒಂದು ಚಹಾ ಮುಗಿಯುವ ತನಕ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು. ನಾನೂ ಬೇಕಾದ್ದು ಬೇಡವಾದ್ದು ಕೇಳುತ್ತಿದ್ದೆ. ಬೆಣ್ಣೆ ಬೇಸಗೆಯಲ್ಲಿ ಕರಗದಂತೆ ಹೇಗೆ ತರುತ್ತೀರಿ? ಕುರಿ ಕಾಯಲು ಹೋದ ಗಂಡಸರು ಅಡವಿಯಲ್ಲಿ ಏನು ತಿನ್ನುತ್ತಾರೆ? ಒಮ್ಮೊಮ್ಮೆ “ಅದೆಲ್ಲಾ ಯಾಕ ಬೇಕು ನಿನಗ?” ಎಂದು ನಗುತ್ತಿದ್ದಳು. ಯಾಕೆ ಬೇಕೆಂದು ನನಗೂ ಗೊತ್ತಿರಲಿಲ್ಲ.

ಉಳಿದ ಊರುಗಳಲ್ಲಿ ಆಕೆಯ ಹಾಗೆ ಕೂತು ನೋಡೋಣವೆಂದು ಯತ್ನಿಸಿದೆ. ಮೊದಮೊದಲು ಬಲು ಕಷ್ಟವಾಯಿತು. ಪೂರಿ ಉಸಿರು ಬಿಡುವುದನ್ನು ಎಷ್ಟು ಹೊತ್ತೆಂದು ನೋಡುವುದು? ಆಮೇಲೆ ಕಿವಿ ತೆರೆದುಕೊಂಡಿತು. ಮಸ್ಕಿಯ ಖಾನಾವಳಿಯಲ್ಲಿ ಪರದೆಯಾಚೆ ಇಬ್ಬರು ಮುದುಕರು ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಜಗಳವಾಡುತ್ತಿದ್ದರು. ಇಬ್ಬರೂ ಜೀವಮಾನದಲ್ಲಿ ಒಲೆ ಹಚ್ಚಿದವರಲ್ಲವೆಂದು ಮಾತಿನಲ್ಲೇ ತಿಳಿಯುತ್ತಿತ್ತು. ಆದರೂ ಒಬ್ಬ “ಗುಡ್ಡದ ಬಾಜೂಕಿನ ಬಾವಿ” ಎಂದು ಮೇಜು ಗುದ್ದುತ್ತಿದ್ದ, ಇನ್ನೊಬ್ಬ “ಹಳ್ಳದ ಬಾವಿ” ಎಂದು ಪಟ್ಟು ಬಿಡುತ್ತಿರಲಿಲ್ಲ. ಆ ಪ್ರಶ್ನೆ ನನ್ನ ತಲೆ ಹೊಕ್ಕಿತು. ಮರುದಿನದಿಂದ ಹೋದ ಅಡುಗೆಮನೆಗಳಲ್ಲೆಲ್ಲ ಒಲೆಯ ಜೊತೆಗೆ ನೀರನ್ನೂ ವಿಚಾರಿಸತೊಡಗಿದೆ. ಹೆಂಗಸರು ಹುರುಪಿನಿಂದ ಹೇಳುತ್ತಿದ್ದರು. ಗುಡ್ಡದ ಬಾವಿಯ ಕಡೆಗೇ ಹೆಚ್ಚು ಜನ ವಾಲಿದರು ಎನ್ನಬಹುದು. ಆ ಮುದುಕರಿಗೆ ತಿಳಿಸೋಣವೆಂದರೆ ಮತ್ತೆ ಅವರ ದನಿ ಕೇಳಲೇ ಇಲ್ಲ.

ಆ ಚಳಿಗಾಲ ಗುರುಗುಂಟಾದ ಒಲೆಗಳನ್ನು ನೋಡುವ ಸರದಿ ಬಂತು. ಮೂರನೆಯ ಮನೆಯೋ ನಾಲ್ಕನೆಯದೋ, ಬಾಗಿಲಲ್ಲಿ ಬಗ್ಗಿ ಒಳಗೆ ಹೋದರೆ ಎದುರಿಗೆ ಆಕೆಯೇ ರೊಟ್ಟಿ ಬಡಿಯುತ್ತ ಕೂತಿದ್ದಾಳೆ. ಸುತ್ತ ಹೆಂಗಸರು, ಮಕ್ಕಳು, ಮೂಲೆಯಲ್ಲಿ ಕಂಬಳಿ ಹೊದ್ದ ಅತ್ತೆ. ನನ್ನ ಮುಖದ ಮೇಲೆ ನಗೆ ಬಂದುಬಿಟ್ಟಿತ್ತು. ಆಕೆ ಮಾತ್ರ ತಲೆಯೆತ್ತಿ, ಎಂದೂ ಕಾಣದವಳನ್ನು ನೋಡುವಂತೆ ನೋಡಿ ಕೇಳಿದಳು:

“ಯಾವೂರವ್ವ ನಿಂದು?”

ನನ್ನ ನಗೆ ಅಲ್ಲೇ ನಿಂತಿತು. “ಧಾರವಾಡ್ರಿ” ಎಂದೆ.

“ಅಷ್ಟು ದೂರದಿಂದ ಒಬ್ಬಾಕೀನ ಬಂದೀಯೇನು? ಅಂಜಿಕಿ ಬರಂಗಿಲ್ಲ?”

ಅತ್ತೆ ಮೂಲೆಯಿಂದ ಮರುಗಿದಳು. “ಪಾಪ, ಹೆಣ್ಣು ಕೂಸು. ಒಬ್ಬಾಕೀನ ಉಣ್ಣಬೇಕಂದ್ರ ತುತ್ತರ ಹೆಂಗ ಇಳೀತೈತಿ?”

“ಇಳಿಯಂಗಿಲ್ಲ ಅತ್ತಿ, ಹೆಂಗಿಳೀತೈತಿ!” ಎಂದಳು ಈಕೆ, ರೊಟ್ಟಿಯಿಂದ ಕಣ್ಣು ತೆಗೆಯದೆ. ಆಮೇಲೆ ಬಿಸಿ ರೊಟ್ಟಿಯ ಮೇಲೆ ಮುಷ್ಟಿಯಷ್ಟು ಬೆಣ್ಣೆ ಹಾಕಿ ನನ್ನ ಮುಂದಿಟ್ಟಳು. ನಾನು ನಗು ತಡೆಯಲಾರದೆ ಕೊಳವೆಯನ್ನು ಪರೀಕ್ಷಿಸುವವಳಂತೆ ಗೋಡೆಯ ಕಡೆ ತಿರುಗಿದೆ. ಅಷ್ಟು ದೊಡ್ಡ ಸಂಸಾರಕ್ಕೆ ನಮ್ಮ ಒಲೆ ಸಾಲುತ್ತಿರಲಿಲ್ಲ. ಅದರ ಮೇಲೆ ಚಹಾ ಮಾತ್ರ ಕಾಯಿಸುತ್ತಿದ್ದರು. ನಾನು ಅಲ್ಲಿದ್ದಷ್ಟು ಹೊತ್ತು ಆಕೆಯನ್ನು ಎಷ್ಟು ಸಲ ಕರೆದರೋ! ಉಪ್ಪೆಲ್ಲಿ, ಹಗ್ಗವೆಲ್ಲಿ, ಮಗು ಅಳುತ್ತದೆ, ಎಮ್ಮೆ ಬಿಚ್ಚಿಕೊಂಡಿದೆ. ಎಲ್ಲಕ್ಕೂ ರೊಟ್ಟಿ ಬಡಿಯುತ್ತಲೇ ಉತ್ತರ ಕೊಟ್ಟಳು.

ಸಂತೆಯ ದಿನ ಸಿಕ್ಕಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಿನ್ನ ಗುರ್ತು ಹಿಡಿದಿದ್ರ ಎಲ್ಲಿ ನೋಡೀದಿ ಅಂತ ಕೇಳ್ತಿದ್ರು. ಹೋಟೆಲ್ದಾಗ ಅನ್ನಲೇನು? ಮುಂದಿನ ಸಂತಿಗೆ ಎಲ್ಲಾರೂ ಬೆನ್ನಿಗೆ ಬರ್ತಿದ್ರು, ನಮಗೂ ಪೂರಿ ಕೊಡಿಸು ಅಂತ!”

ಎರಡು ವರ್ಷ ಹೀಗೆ ನಡೆದಿರಬೇಕು. ಒಂದು ಮಳೆಗಾಲದಲ್ಲಿ ಆಕೆ ಹಲವು ಸಂತೆ ಬರಲಿಲ್ಲ. ನಾನು ಪಕ್ಕದ ಗೂಡಿನ ಕಡೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಕೊನೆಗೊಮ್ಮೆ ಬಂದಳು. ತನ್ನ ಗೂಡಿಗೆ ಹೋಗದೆ ನೇರ ನನ್ನ ಪರದೆ ಸರಿಸಿದಳು.

“ಮನಿ ಪಾಲಾತು ತಂಗಿ.”

ಹೊಲ, ಕುರಿ, ಎಮ್ಮೆ ಎಲ್ಲ ಹಂಚಿಕೊಂಡಿದ್ದರು. ಪಡಸಾಲೆಯ ನಡುವೆ ಗೋಡೆ ಎದ್ದಿತ್ತು. ಅತ್ತೆ ಕಿರಿಯ ಮಗನ ಕಡೆ ಹೋಗಿದ್ದಳು. ಈಕೆಯ ಪಾಲಿಗೆ ಬಂದ ಮನೆಯಲ್ಲಿ ಈಗ ಗಂಡ, ತಾನು, ದೊಡ್ಡವನಾದ ಮಗ, ಅಷ್ಟೇ. ಗಂಡಸರಿಬ್ಬರೂ ಹೊಲಕ್ಕೆ ಹೋದರೆ ಆಕೆಯೊಬ್ಬಳೇ.

“ಹಿಟ್ಟು ನಾದಿದ್ರ ಅದರ ಸಪ್ಪಳ ಕೇಳ್ತೈತಿ ನೋಡು. ಹಿಟ್ಟಿಗೆ ಸಪ್ಪಳ ಐತಂತ ನನಗ ಗೊತ್ತ ಇರಲಿಲ್ಲ.”

“ಬ್ಯಾಸರ ಆಗೈತೇನ್ರಿ? ಇಲ್ಲಾ ಹಗುರ ಅನ್ನಸ್ತದೋ?” ನನಗೆ ನಿಜಕ್ಕೂ ತಿಳಿಯಬೇಕಾಗಿತ್ತು.

ಆಕೆ ಬುಟ್ಟಿಯನ್ನು ಕಾಲ ಬಳಿ ಎಳೆದುಕೊಂಡಳು. “ಗೊತ್ತಿಲ್ಲ ಬೇ. ಇನ್ನಾ ನೋಡಾಕತ್ತೀನಿ” ಎಂದಳು.

ಆಮೇಲೆ ಪರದೆಯ ಕಡೆ, ಪ್ಲೈವುಡ್ಡಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಎದ್ದು ನಿಂತಳು. “ಏಳು, ಹೊರಗ ಕುಂದ್ರೋಣು. ಇಲ್ಲಿ ಕುಂತ್ರ ಮನ್ಯಾಗ ಕುಂತಂಗ ಅಕ್ಕೈತಿ.”

ನಾನು ಆ ಹೋಟೆಲಿನ ಹೊರಗಿನ ಅಂಗಳದಲ್ಲಿ, ಗಂಡಸರ ಮೇಜುಗಳ ನಡುವೆ ಎಂದೂ ಕೂತವಳಲ್ಲ. ಆಕೆ ಬುಟ್ಟಿಯನ್ನು ಬೆಂಚಿನ ಕೆಳಗೆ ತಳ್ಳಿ, ನಡುವಿನ ಮೇಜಿಗೇ ಕೂತಳು. ನಾನು ಚೀಲ ಎದೆಗವಚಿಕೊಂಡು ಪಕ್ಕಕ್ಕೆ ಕೂತೆ. ಪ್ಲೇಟು ತರುವವನು ಬಂದು, “ಯವ್ವಾ, ಫ್ಯಾಮಿಲಿ ರೂಮ್ ಖಾಲಿ ಐತ್ರಿ” ಎಂದ.

“ಇರ್ಲಿ ಬಿಡಪ, ಅದಕ್ಕೂ ಜರಾ ಪುರುಸೊತ್ತು ಬೇಕು” ಎಂದಳು.

ಎದುರಿಗೆ ಕೂತಿದ್ದ ಕೆಂಪು ರುಮಾಲಿನವನು ಚಹಾದ ಬಸಿ ಹಿಡಿದು ಅತ್ತಿತ್ತ ನೋಡತೊಡಗಿದ. ಆಕೆ ಅವನನ್ನೇ ಮಾತಿಗೆಳೆದಳು. “ಯಾವೂರಪ್ಪ? ಮುದಗಲ್ ಕಡೇದಾ? ಮಳಿ ಆತೇನು ಆ ಕಡೆ?” ಅವನು ಹೇಳಿದ. ಪಕ್ಕದ ಮೇಜಿನವನು ತನ್ನ ಊರಿನಲ್ಲಿ ಅಷ್ಟಾಗಿಲ್ಲವೆಂದ. ಹಿಂದಿನವನು ಮೋಡ ಬಂದದ್ದು ಹೌದು, ನಿಲ್ಲಲಿಲ್ಲವೆಂದ. ಪೂರಿ ಬರುವಷ್ಟರಲ್ಲಿ ಅರ್ಧ ಹೋಟೆಲು ಮಳೆಯ ಬಗ್ಗೆ ಮಾತಾಡುತ್ತಿತ್ತು. ನನಗೂ ಧೈರ್ಯ ಬಂದು, ನಿಮ್ಮ ಮನೆಯಲ್ಲಿ ಒಲೆಗೆ ಏನು ಹಾಕುತ್ತಾರೆಂದು ರುಮಾಲಿನವನನ್ನು ಕೇಳಿದೆ. ಅವನು ಬಹಳ ಯೋಚಿಸಿ, “ಅದು ಮನ್ಯಾಗಿನ ಅಕಿನ್ನ ಕೇಳಬೇಕ್ರಿ” ಎಂದ. ಎಲ್ಲರೂ ನಕ್ಕರು.

ಮರುವಾರ ಸಿಂಧನೂರಿನಲ್ಲಿ, ಯಾರ ಜೊತೆಯೂ ಇಲ್ಲದೆ, ನಾನು ಹೊರಗಿನ ಮೇಜಿಗೇ ಕೂತೆ. ಚೀಲವನ್ನು ಬೆಂಚಿನ ಕೆಳಗೆ ತಳ್ಳಿದೆ. ಎದುರಿಗೆ ಬಂದು ಕೂತ, ತೆಲುಗು ವಲಸಿಗರ ಕ್ಯಾಂಪಿನ ಮುದುಕ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕಾಲುವೆ ನೀರಿನ ಸರದಿಯ ಕತೆ ಶುರು ಮಾಡಿದ. ಅರ್ಧ ತಿಳಿಯಿತು, ಉಳಿದರ್ಧ ಕೇಳಿ ಕೇಳಿ ತಿಳಿದುಕೊಂಡೆ. ನನ್ನ ಬಸ್ಸು ಹೋದದ್ದೇ ಗೊತ್ತಾಗಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಆ ಭಾಗದ ಒಲೆಗಳ ಕೆಲಸ ಮುಗಿದು ನನ್ನನ್ನು ಕಾರವಾರದ ಕಡೆಗೆ ಹಾಕಿದರು. ಕೊನೆಯ ಸಂತೆಯ ದಿನ ಆಕೆಗೆ ಹೇಳಿದೆ. ಅಲ್ಲಿ ಏನು ತಿನ್ನುತ್ತಾರೆ ಎಂದು ಕೇಳಿದಳು. ಮೀನು, ಅನ್ನ ಎಂದೆ. ಮೀನಿನ ಮುಳ್ಳನ್ನು ಬಾಯೊಳಗಿಂದ ಹೇಗೆ ತೆಗೆಯುತ್ತಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. “ಹೋಗಿ ನೋಡು ಮತ್ತ” ಎಂದು ಬುಟ್ಟಿ ಎತ್ತಿಕೊಂಡಳು.

ಬಸ್ಸಿನ ತನಕ ಜೊತೆಗೆ ಹೋದೆ. ಗುರುಗುಂಟಾದ ಬಸ್ಸು ಕಿಕ್ಕಿರಿದಿತ್ತು. ಆಕೆ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿದಳು. ಕಿಟಕಿಯಿಂದ ನೋಡಿಯಾಳೆಂದು ಕೆಳಗೆ ನಿಂತೆ. ಆಕೆ ಅಷ್ಟರಲ್ಲೇ ಬುಟ್ಟಿ ಇಡುವ ಜಾಗಕ್ಕಾಗಿ ಪಕ್ಕದವಳ ಜೊತೆ ಜಗಳ ತೆಗೆದಿದ್ದಳು. ಜಗಳ ಜೋರಾಗಿ, ಯಾವುದೋ ಮಾತಿಗೆ ಇಬ್ಬರೂ ನಕ್ಕರು. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.