ಬೀಳ್ಕೊಟ್ಟ ಮೇಲೆ ಬಂದವರು

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆಯಲ್ಲಿ ನನಗೆ ಸದಾಶಿವಣ್ಣನ ನೆನಪೂ ಬರುತ್ತದೆ. ಪಾತ್ರೆ ಅವರದ್ದು. ಈ ಶುಕ್ರವಾರ ಬೆಳಿಗ್ಗೆ ಆ ನೆನಪು ಸ್ವಲ್ಪ ಹೆಚ್ಚೇ ಕಾಡಿತು. ಕುವೈತಿನ ಕೆಲಸ ಬಿಟ್ಟು ಊರು ಸೇರುವುದೆಂದು ನನ್ನ ಗಂಡ ತೀರ್ಮಾನಿಸಿಯಾಗಿದೆ. ಶುಕ್ರ, ಶನಿ ರಜೆ ಮುಗಿದು ನಾಡಿದ್ದು ಭಾನುವಾರ ಆಫೀಸು ತೆರೆದ ಕೂಡಲೇ ನಾನೂ ರಾಜೀನಾಮೆ ಕೊಡಬೇಕು. ನನಗೆ ಖುಷಿಯಾಗಿದೆ ಎಂದು ಎಲ್ಲರೂ ತಿಳಿದಿದ್ದಾರೆ. ನಾನೂ ಹಾಗೇ ತಿಳಿದುಕೊಂಡು ಕೆಲವು ದಿನ ಕಾದೆ, ಖುಷಿ ಮಾತ್ರ ಬರಲಿಲ್ಲ.

ಸದಾಶಿವಣ್ಣ ರಿಗ್ಗೈ ಬಡಾವಣೆಯ ಈ ಕಟ್ಟಡದಲ್ಲೇ ನಮಗಿಂತ ಒಂದು ಮಾಳಿಗೆ ಕೆಳಗೆ ಇದ್ದವರು. ಶುವೈಖಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಹೆಂಡತಿ, ಮಕ್ಕಳು ಕಾರ್ಕಳದ ಹತ್ತಿರ. ಕೆಲವು ವರ್ಷಗಳ ಹಿಂದೆ, ಇನ್ನು ಸಾಕು ಎಂದು ಅವರು ಹೊರಟು ನಿಂತರು.

ನಮ್ಮವರಲ್ಲಿ ಯಾರೂ ಇಲ್ಲಿಂದ ಸುಮ್ಮನೆ ಹೋಗುವ ಹಾಗಿಲ್ಲ, ನಿಮಗೆ ಗೊತ್ತಿರಬಹುದು. ಇಲ್ಲಿನ ಕನ್ನಡಿಗರ ಸಂಘದವರು ಹಾಲ್ ಹಿಡಿಯುತ್ತಾರೆ (ನಮಗೂ ಹಿಡಿದಾಗಿದೆ), ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಮೈಕ್ ಹಿಡಿದು ಹೊಗಳುತ್ತಾರೆ. ಮನುಷ್ಯ ಬದುಕಿರುವಾಗಲೇ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಕೇಳುವುದು ಇಂಥಲ್ಲಿ ಮಾತ್ರ. ಆಮೇಲೆ ಮನೆಸಾಮಾನು ಹಂಚುವ ಕೆಲಸ: ಒಬ್ಬರಿಗೆ ಮಿಕ್ಸಿ, ಒಬ್ಬರಿಗೆ ಕರ್ಟನ್. ಸದಾಶಿವಣ್ಣ ವೇದಿಕೆಯ ಮೇಲೆ, "ಇಲ್ಲಿ ದುಡಿದೆ, ಇನ್ನು ಅಲ್ಲಿ ಬದುಕ್ತೇನೆ" ಎಂದಾಗ ಹಾಲಿಗೆ ಹಾಲೇ ಕಣ್ಣೊರೆಸಿಕೊಂಡಿತು. ನಾನಂತೂ ಬಿಕ್ಕಿ ಬಿಕ್ಕಿ ಅತ್ತು, ನನ್ನ ಪಾಲಿಗೆ ಬಂದ ಇಡ್ಲಿ ಪಾತ್ರೆ ಹಿಡಿದುಕೊಂಡು ಮನೆಗೆ ಬಂದೆ.

ಕೆಲವು ತಿಂಗಳ ಮೇಲೆ ಪಕ್ಕದ ಕೋಆಪರೇಟಿವ್ ಅಂಗಡಿಯಲ್ಲಿ ಸೌತೆಕಾಯಿ ಆರಿಸುತ್ತಿದ್ದೆ. ಎದುರಿಗೆ ನಿಂತು ಅದೇ ರಾಶಿಯಿಂದ ಆರಿಸುತ್ತಿದ್ದವರು ಸದಾಶಿವಣ್ಣ.

"ಹೆದರ್ಬೇಡಿ ಅಕ್ಕ, ನಾನೇ" ಎಂದರು. "ಹೊಸ ವೀಸಾದಲ್ಲಿ ಬಂದೆ. ಕಂಪನಿ ಬೇರೆ, ಕಟ್ಟಡ ಅದೇ."

ಕಟ್ಟಡಕ್ಕೆ ಕಟ್ಟಡವೇ ಪೇಚಿಗೆ ಸಿಲುಕಿತು. ಕರ್ಟನ್ ಪಡೆದವರು ಅವರನ್ನು ಚಹಾಕ್ಕೆ ಕರೆಯುವುದನ್ನೇ ಬಿಟ್ಟರು. ಸಂಘದ ಸಭೆಯಲ್ಲಿ ಅವರನ್ನು ಮತ್ತೆ ಸದಸ್ಯರಾಗಿ ಸೇರಿಸಿಕೊಳ್ಳುವುದೋ ಬೇಡವೋ ಎಂಬ ಚರ್ಚೆ ನಡೆಯಿತು. "ಒಮ್ಮೆ ಶಾಲು ಹೊದಿಸಿ ಕಳಿಸಿ ಆಯ್ತಲ್ಲ ಮಾರಾಯ್ರೆ, ಖಲಾಸ್" ಎಂದರು ಅಧ್ಯಕ್ಷರು. ನಾನು ಪಾತ್ರೆಯನ್ನು ತಿಕ್ಕಿ ತೊಳೆದು ಕೆಳಗೆ ಕೊಂಡುಹೋದೆ. ಸದಾಶಿವಣ್ಣ ಮುಟ್ಟಲಿಲ್ಲ.

"ನಿಮ್ಮಲ್ಲೇ ಇರ್ಲಿ. ವಾಪಸ್ ತಗೊಂಡ್ರೆ ನಾನೇ ಮಾಡಿ ನಾನೇ ತಿನ್ಬೇಕಲ್ಲ."

ಅಂದಿನಿಂದ ಶುಕ್ರವಾರದ ಇಡ್ಲಿಗೆ ಅವರು ನಮ್ಮ ಮನೆಯಲ್ಲಿ. ಊರಿನಲ್ಲಿ ಏನಾಯಿತು ಎಂದು ಕೇಳದೆ ಇರಲು ನಾನು ಎಷ್ಟೋ ವಾರ ನಾಲಿಗೆ ಕಚ್ಚಿ ಹಿಡಿದೆ. ಕೊನೆಗೆ ಕೇಳಿಯೇ ಬಿಟ್ಟೆ.

"ಏನೂ ಆಗ್ಲಿಲ್ಲ, ಅದೇ ಕಷ್ಟ" ಎಂದರು. "ಎಲ್ಲ ಒಳ್ಳೆಯವರೇ. ಹೆಂಡತಿ ಮನೆಯನ್ನು ಚೆಂದ ನಡೆಸ್ಕೊಂಡು ಬಂದಿದ್ದಾಳೆ. ನಾನು ಒಂದು ಚಮಚ ಎತ್ತಿಟ್ರೂ ಅದು ತಪ್ಪು ಜಾಗ. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತ್ರೆ, ಬಂದವರು 'ಯಾವಾಗ ಹೋಗುದು' ಅಂತ ಕೇಳ್ತಾರೆ."

"ಇಲ್ಲಿ ಸುಖ ಉಂಟಾ ಹಾಗಾದ್ರೆ?"

"ಇಲ್ಲಿ ಎಂತ ಸುಖ" ಎಂದು ಇನ್ನೊಂದು ಇಡ್ಲಿ ಹಾಕಿಸಿಕೊಂಡರು.

ಆಗ ನನಗೆ ನಗು ಬಂದಿತ್ತು. ಆದರೆ ನನ್ನದೇ ಕತೆ ನೋಡಿ. ಇಲ್ಲಿ ಲಿಫ್ಟ್ ಕೆಟ್ಟರೆ, ನೆರೆಯವರು ಮುಖ ನೋಡದೆ ಬಾಗಿಲು ಹಾಕಿಕೊಂಡರೆ, "ನಮ್ಮಲ್ಲಿ ಹೀಗೆಲ್ಲ ಇಲ್ಲ" ಎನ್ನುತ್ತೇನೆ. ನಮ್ಮಲ್ಲಿ ಎಂದರೆ ಊರು. ಹೋದ ಸಲ ರಜೆಯಲ್ಲಿ ಮೂಡುಬಿದಿರೆಯ ಬ್ಯಾಂಕಿನ ಸಾಲಿನಲ್ಲಿ ಒಬ್ಬ ನುಗ್ಗಿದಾಗಲೂ ಬಾಯಿಗೆ ಬಂದದ್ದು ಅದೇ ಮಾತು. "ಯಾರಲ್ಲಿ ಅತ್ತಿಗೆ?" ಎಂದು ನಾದಿನಿ ಕೇಳಿದಳು. ನಾನು ಪಾಸ್‌ಬುಕ್ ಹುಡುಕುವವಳಂತೆ ಚೀಲದೊಳಗೆ ಕೈಹಾಕಿದೆ.

ನಾನು ಶುವೈಖಿನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಕಂಪನಿಯಲ್ಲಿದ್ದೇನೆ. ಅಕೌಂಟ್ಸಿಗೆ ಸೇರಿದವಳು. ಈಗ ಯಾವ ಗ್ಯಾರೇಜಿನವನು ಫೋನ್ ಮಾಡಿದರೂ ನನ್ನನ್ನೇ ಕೇಳುತ್ತಾನೆ. ಮೂರು ಭಾಷೆ ಬೆರೆಸಿ ಜಗಳವಾಡುತ್ತೇನೆ, "ಯಲ್ಲಾ ಭಾಯಿ, ಕಲ್ ಆವೋ" ಎಂದು ನಾಳೆಗೆ ದೂಡಿ ಫೋನ್ ಇಡುತ್ತೇನೆ, ಪಕ್ಕದ ಮೇಜಿನ ಈಜಿಪ್ಟಿನ ಹೆಂಗಸು ತಂದಿಟ್ಟ ಚಹಾ ಕುಡಿಯುತ್ತೇನೆ. ಇದು ನನಗೆ ಇಷ್ಟ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಊರು ಬಿಟ್ಟು ಬಂದವರು ಕಷ್ಟಪಡುತ್ತಿರಬೇಕು, ಖುಷಿಯನ್ನು ಊರಿಗೆಂದು ಕಾದಿಡಬೇಕು ಎಂದು ನಾನು ನಂಬಿದ್ದೆ. ಇಲ್ಲಿಯೇ ಅದನ್ನು ಖರ್ಚು ಮಾಡಿಕೊಳ್ಳುತ್ತಿರುವುದು ಯಾರಿಗೋ ದ್ರೋಹ ಎನಿಸುತ್ತಿತ್ತು, ಯಾರಿಗೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ.

ಸದಾಶಿವಣ್ಣ ಎರಡನೆಯ ಸಲ ಹೋದದ್ದು ಯಾರಿಗೂ ಹೇಳದೆ. ನನ್ನ ಗಂಡನೇ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ಸದಾಶಿವಣ್ಣ ಮತ್ತೆ ಕುವೈತಿಗೆ ಬರಲಿಲ್ಲ. ಕಳೆದ ವಾರ ನಾನೇ ಅವರಿಗೆ ಫೋನ್ ಮಾಡಿದೆ, ನಾವೂ ಹೊರಟಿದ್ದೇವೆ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂದೆ. ಧೈರ್ಯ ಹೇಳುತ್ತಾರೆ ಎಂದುಕೊಂಡಿದ್ದೆ.

"ಮಂಗಳವಾರ ಬೆಳಿಗ್ಗೆ ಎದ್ದು ಎಂತ ಮಾಡ್ತೀರಿ ಅಕ್ಕ?" ಎಂದರು. "ಮೊದಲ ತಿಂಗಳು ಬಿಡಿ, ನೆಂಟರು ಬರ್ತಾರೆ. ಆಮೇಲಿನ ಮಂಗಳವಾರ. ನಾನು ಎರಡನೇ ಸಲ ಊರಿಗೆ ಬರುವ ಮುಂಚೆ ಇಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾತಾಡಿಕೊಂಡೇ ಬಂದೆ."

ಮನೆಗೆ ಯಾವ ಬಣ್ಣ, ಮಗಳಿಗೆ ಯಾವ ಶಾಲೆ, ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ಮಂಗಳವಾರಕ್ಕೆ ಇರಲಿಲ್ಲ.

ಇವತ್ತು ಬೆಳಿಗ್ಗೆ ಇಡ್ಲಿ ಬಡಿಸುತ್ತ ಗಂಡನನ್ನು ಅದೇ ಕೇಳಿದೆ. ಅವರಿಗೆ ಉತ್ತರ ಸಿದ್ಧವಿತ್ತು. ತಡವಾಗಿ ಏಳುವುದು, ಪೇಪರ್ ಓದುವುದು, ಪೇಟೆಗೆ ಹೋಗಿ ಮೀನು ತರುವುದು.

"ನಾನು?"

ಅವರು ಸ್ವಲ್ಪ ಯೋಚಿಸಿದರು. "ನೀನು ಇರ್ತೀಯಲ್ಲ" ಎಂದರು.

ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದರೂ ನಾನು ಬಡಿಸುವುದನ್ನು ನಿಲ್ಲಿಸಿದೆ. ಫೋನಿನಿಂದ ತಲೆ ಎತ್ತಿದ ಮಗಳು, "ಮಮ್ಮಿ, ಆರ್ ವಿ ಗೋಯಿಂಗ್ ಆರ್ ನಾಟ್?" ಎಂದಳು. ನನಗೆ ಗೊತ್ತಿಲ್ಲ, ಆದರೆ ಭಾನುವಾರ ರಾಜೀನಾಮೆ ಕೊಡುವುದಿಲ್ಲ ಎಂದೆ. ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ಊರು ಬೇಡವಾಗಿದೆಯೇ ಎಂದರೆ ಅದೂ ಅಲ್ಲ.

ಇವರು ಸಿಟ್ಟಾಗುತ್ತಾರೆ ಎಂದು ಕಾದೆ. ಇವರು ತಟ್ಟೆಯಲ್ಲಿ ಚಟ್ನಿಯನ್ನು ಅತ್ತಿತ್ತ ಸರಿಸಿದರು. ಆಮೇಲೆ ಮಗಳಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ಹಾಗಾದ್ರೆ ಸಂಘದವರಿಗೆ ಫೋನ್ ಮಾಡು. ನನಗೂ ಬೀಳ್ಕೊಡುಗೆ ಬೇಡ ಅಂತ ಹೇಳು. ಶಾಲು ಹೊದ್ದು ನಾನೊಬ್ಬನೇ ಹೋಗಿ ವಾಪಸ್ ಬಂದ್ರೆ ನಾಚಿಕೆ."