ಎದುರು ಮನೆಯಲ್ಲಿ ಕೂಗುವ ಕುಕ್ಕರ್

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಹತ್ತಿರ ಮನೆ ವಿಷಯ ಮಾತಾಡಬೇಡ ಎಂದು ನಮ್ಮ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಎರಡು ತಿಂಗಳ ಹಿಂದೆ ನಾನು ಮನೆಯ ಕುಕ್ಕರ್ ವಿಷಯವನ್ನೇ ಮಾತಾಡಿಬಿಟ್ಟೆ. ಪರಿಣಾಮ? ಬರುವ ಭಾನುವಾರ ಶಿವಮೊಗ್ಗದಲ್ಲಿ ನನ್ನ ನಾಟಕ.

ಹೌದು, ನನ್ನದೇ. (ನಗಬೇಡಿ. ನನಗೂ ಇನ್ನೂ ನಂಬಿಕೆ ಬಂದಿಲ್ಲ.)

ಅವತ್ತು ನಮ್ಮ ಜನ್ನಾಪುರದಲ್ಲಿ ಬಸ್ ಹತ್ತಿ ಶಿವಮೊಗ್ಗದ ಆಲ್ಕೊಳದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ಕಿಟಕಿ ಪಕ್ಕ ಕೂತಿದ್ದ ಹೆಂಗಸು ನನ್ನ ಚೀಲದಿಂದ ಇಣುಕುತ್ತಿದ್ದ ಕುಕ್ಕರ್ ಹಿಡಿ ನೋಡಿ, "ರಿಪೇರಿಗಾ?" ಎಂದರು. ಅಷ್ಟು ಸಾಕಾಯಿತು ನನಗೆ.

"ಹ್ಞೂಂ ರೀ. ಆದ್ರೆ ಇದು ಕೂಗೋದು ನಮ್ಮನೇಲಲ್ಲ, ಎದುರು ಮನೇಲಿ" ಎಂದೆ.

ನಮ್ಮ ಬೀದಿಯ ಗಂಡಸರೆಲ್ಲ ಭದ್ರಾವತಿಯ ಕಾರ್ಖಾನೆಗಳಿಗೆ ಹೋಗುವವರು. ನಮ್ಮವರಿಗೆ ನೈಟ್ ಶಿಫ್ಟ್ ಇರುವ ವಾರ ಬೆಳಗ್ಗೆ ಬಂದು ಮಲಗುತ್ತಾರೆ. ಅವರು ಮಲಗಿದರೆ ಮುಗಿಯಿತು. ರೇಡಿಯೋ ಇಲ್ಲ, ಮಿಕ್ಸಿ ಇಲ್ಲ, ನಾನೂ ಮಕ್ಕಳೂ ಪಿಸುಗುಟ್ಟಬೇಕು. ಅಕ್ಕಿ, ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಮುಚ್ಚಳ ಬಿಗಿದು, ರಸ್ತೆ ದಾಟಿ ಎದುರು ಮನೆ ಸೆಲ್ವಿಯ ಒಲೆ ಮೇಲೆ ಇಡುತ್ತೇನೆ. ಮೂರು ಸಲ ಕೂಗಿಸಿಕೊಂಡು ವಾಪಸ್ ತರುತ್ತೇನೆ. ಅವಳ ಗಂಡನಿಗೆ ನೈಟ್ ಬಂದ ವಾರ ಅವಳ ಕುಕ್ಕರ್ ನಮ್ಮ ಮನೆಗೆ. ಆರು ವರ್ಷದಿಂದ ಹೀಗೇ ನಡೆದಿದೆ.

ಆ ಹೆಂಗಸು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಬಸ್ ಇಳಿಯುವಾಗ, "ಇದನ್ನ ನಾಟಕ ಮಾಡಿ ಕೊಡ್ತೀರಾ? ನಮ್ದೊಂದು ತಂಡ ಇದೆ" ಎಂದು ನವುಲೆಯ ಮನೆ ವಿಳಾಸ ಬರೆದುಕೊಟ್ಟರು. ಹೆಸರು ಸುಮಿತ್ರಾ.

ವಾರ ವಾರ ಈ ಅಂಕಣದಲ್ಲಿ ನಿಮ್ಮ ಜೊತೆ ಹರಟುವುದು ಬಿಟ್ಟರೆ ಬೇರೇನೂ ಬರೆದವಳಲ್ಲ ನಾನು. ನಾಟಕ ಎಂದ ಕೂಡಲೇ ಗಾಂಭೀರ್ಯ ಬಂದುಬಿಟ್ಟಿತು. ಸೆಲ್ವಿಯನ್ನು 'ಶಾರದಾದೇವಿ' ಮಾಡಿದೆ. ಅವಳ ಬಾಯಲ್ಲಿ ಸ್ತ್ರೀಕುಲದ ಬಗ್ಗೆ ಒಂದೂವರೆ ಪುಟದ ಭಾಷಣ ಹಾಕಿದೆ. ಸುಮಿತ್ರಾ ಓದಿ ಪಕ್ಕಕ್ಕಿಟ್ಟು, "ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದೋರು ಎಲ್ಲಿ ಹೋದ್ರು ಮಾರಾಯ್ತಿ?" ಎಂದರು. ಮುಖ ಕೆಂಪಾಯಿತು ನನಗೆ. ಆದರೆ ಅವರು ಹೇಳಿದ್ದು ಸರಿಯಿತ್ತು. ಸೆಲ್ವಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಬರೆದೆ.

ಈಗ ಮನೆಯಲ್ಲಿ ಗಲಾಟೆ. ಹೋದ ವಾರ ವಿಷಯ ಕಾರ್ಖಾನೆ ಕ್ಯಾಂಟೀನ್ ತಲುಪಿದೆ. ಯಾರೋ ನಮ್ಮವರಿಗೆ, "ಏನಪ್ಪಾ, ನಿನ್ನ ಗೊರಕೆಗೂ ಟಿಕೆಟ್ಟಂತೆ?" ಎಂದಿದ್ದಾರೆ. ಸಿಟ್ಟಿನಲ್ಲೇ ಬಂದರು.

"ನಾನು ಮಲಗೋದನ್ನ ಊರಿಗೆಲ್ಲ ತೋರಿಸ್ತೀಯಾ? ಮೊದ್ಲು ಅದನ್ನ ನಿಲ್ಸು. ಕೆಲಸಕ್ಕೆ ಬಾರದ ಮಾತೆಲ್ಲ ಒಂದು ನಾಟಕನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಕುಕ್ಕರ್ ವಾಪಸ್ ಕೊಡಲು ಬಂದು ಬಾಗಿಲಲ್ಲೇ ನಿಂತಿದ್ದ ಸೆಲ್ವಿ ಹೇಳಿದಳು: "ಅಣ್ಣಾ, ನಿಮ್ ನಿದ್ದೆ ಕೆಡಬಾರ್ದು ಅಂತ ಆರು ವರ್ಷ ಕುಕ್ಕರ್ ಹೊತ್ಕೊಂಡು ರೋಡು ದಾಟಿದೀವಿ. ಹೊತ್ತಿದ್ದನ್ನ ಹೇಳೂಬಾರ್ದಾ?"

ಅವರು ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು.

ಕೆಲಸಕ್ಕೆ ಬಾರದ ಮಾತಂತೆ! ಇದೇ ಗಂಡಸರು ಟೀ ಅಂಗಡಿ ಮುಂದೆ ಗಂಟೆಗಟ್ಟಲೆ ನಿಂತರೆ ಅದು ಚರ್ಚೆ. ನಾವು ಬಸ್ಸಿನಲ್ಲಿ ಅರ್ಧ ಗಂಟೆ ಬಾಯಿ ಬಿಟ್ಟರೆ ಹರಟೆ. ಯಾರು ಮಾಡಿದ ಲೆಕ್ಕವಪ್ಪ ಇದು? ಅವತ್ತು ನಾನು ಯಜಮಾನರ ಮಾತು ಕೇಳಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ಬರುತ್ತಿದ್ದೆ, ಅಷ್ಟೇ.

ಆದ್ದರಿಂದ ಒಂದು ಸಾಲನ್ನೂ ತೆಗೆಯುತ್ತಿಲ್ಲ. ಗೊರಕೆಯೂ ಇರುತ್ತದೆ. ಸ್ಟೇಜಿನ ಮೇಲೆ ಸೆಲ್ವಿಯ ಪಾತ್ರ ಸೆಲ್ವಿಯದೇ, ಕುಕ್ಕರ್ ನನ್ನದೇ. ಯಜಮಾನರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದೇನೆ. ಬರುತ್ತಾರೋ ಇಲ್ಲವೋ, ಅವರಿಗೆ ಬಿಟ್ಟಿದ್ದು.

ಆರು ವರ್ಷ ಪಿಸುಗುಟ್ಟಿದವರು ಒಂದು ಗಂಟೆ ಜೋರಾಗಿ ಮಾತಾಡಿದರೆ ಯಾರ ನಿದ್ದೆ ಕೆಡುತ್ತದೆ, ನೋಡಿಯೇಬಿಡೋಣ.