ಜಿನ್ನಪ್ಪ ಮಾಸ್ತರರ ವಿಮೋಚನೆ

ಸಂಜೆ ಖಾನಾಪುರ ಸ್ಟೇಷನ್ನಿನ ಬೆಂಚಿನ ಮೇಲೆ ಜಿನ್ನಪ್ಪ ಮಾಸ್ತರರು ಡಬ್ಬಿ ಬಿಚ್ಚಿದರೆಂದರೆ ಹೊತ್ತು ಮುಳುಗುವುದಕ್ಕೆ ಬಂತೆಂದೇ ಲೆಕ್ಕ. ಜೈನರು, ಕತ್ತಲಾದ ಮೇಲೆ ತುತ್ತು ಮುಟ್ಟುವವರಲ್ಲ. ಬೆಳಗಾವಿಯ ರೈಲನ್ನು ನಂಬಿದರೆ ಉಪವಾಸವೇ ಗತಿಯೆಂದು ರಾತ್ರಿಯ ಊಟವನ್ನು ಬೆಳಿಗ್ಗೆಯೇ ಕಟ್ಟಿಕೊಂಡು ಬರುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾವಿಬ್ಬರೂ ಬೆಳಗಾವಿಯಿಂದ ಖಾನಾಪುರದ ಒಂದು ಕನ್ನಡ ಹೈಸ್ಕೂಲಿಗೆ ದಿನಾ ಹೋಗಿ ಬರುತ್ತಿದ್ದೆವು. ಅವರು ಇತಿಹಾಸ, ನಾನು ವಿಜ್ಞಾನ.

ಅವರಿಗೊಂದು ಶಬ್ದದ ಹುಚ್ಚಿತ್ತು: ವಸಾಹತು ವಿಮೋಚನೆ. ಆಫ್ರಿಕದ ಪಾಠದಲ್ಲಿ ಬರುವ ಆ ಶಬ್ದವನ್ನು ಉಪ್ಪಿನಕಾಯಿಯ ಹಾಗೆ ಎಲ್ಲದಕ್ಕೂ ನಂಜಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಉರಿಬಿಸಿಲಲ್ಲಿ ಟೈ ಕಟ್ಟಿ ಬಂದರೆ, "ಸರ್ರ, ಕುತ್ತಿಗಿಗೆ ವಿಮೋಚನೆ ಯಾವಾಗ್ರಿ?" ಎಂದು ಕೇಳಿಬಿಡುವರು.

"ಇಂಗ್ಲಿಷರ ಬಾವುಟ ಇಳಿಸಿದ್ರ ಅರ್ಧಾ ಕೆಲಸ ಆತ್ರಿ ಅಕ್ಕೋರ," ಎನ್ನುತ್ತಿದ್ದರು ನನಗೆ. "ಮನಷ್ಯಾ ತನ್ನ ಮಾತು ಆಡಾಕ ಅಂಜಬಾರದು. ಅದು ಖರೇ ವಿಮೋಚನೆ."

"ಹಂಗಾರ ನಮ್ಮ ಮನಿ ದಖನಿ ಉರ್ದೂಗೆ ಯಾವ ಸಾಲಿ ಐತ್ರಿ?" ಎಂದು ನಾನು ಚುಚ್ಚಿದರೆ, ನಕ್ಕು ಶೇಂಗಾ ಚಟ್ನಿಯನ್ನು ನನ್ನತ್ತ ಸರಿಸುವರು. ಆ ಚಟ್ನಿಯೇ ಅವರ ಉತ್ತರ.

ಆ ಶಬ್ದ ಅವರಿಗೇ ತಿರುಗಿ ಬಿದ್ದದ್ದು ಸುಮನಳಿಂದ. ಕಣಕುಂಬಿಯ ಹುಡುಗಿ, ಮನೆಮಾತು ಮರಾಠಿ. ಖಾನಾಪುರದಲ್ಲಿ ಅವಳ ಸೋದರತ್ತೆಯ ಮನೆ ನಮ್ಮ ಶಾಲೆಯ ಬಾಜುವಿಗೇ ಇತ್ತು. ಹಾಗಾಗಿ ಕನ್ನಡ ಶಾಲೆಗೆ ಬಂದು ಬಿದ್ದಿದ್ದಳು. ತುಟಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಮಾಸ್ತರರ ಪಾಠದ ನಡುವೆ ಎದ್ದು ನಿಂತು ಮರಾಠಿಯಲ್ಲಿ ಕೇಳಿದಳು: ಇಂಗ್ಲಿಷರು ಹೋದರು ಸರಿ, ನಾನು ನನ್ನ ಮಾತಿನಲ್ಲಿ ಯಾವಾಗ ಬರೆಯಲಿ?

ಇನ್ನೊಬ್ಬರಾಗಿದ್ದರೆ ಬೆತ್ತ ಹುಡುಕುತ್ತಿದ್ದರು. ಇವರು ಕುಣಿದಾಡಿದರು! ಅಂದಿನಿಂದ ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಅವಳಿಗೆ ಮರಾಠಿಯಲ್ಲೇ ಹೇಳಿಕೊಟ್ಟರು. ಹುಡುಗಿ ಅರಳಿದಳು, ಮಾಸ್ತರರೊಡನೆ ವಾದಕ್ಕೇ ಇಳಿದಳು. ಶಾಲೆಯ ಪರೀಕ್ಷೆಯನ್ನೂ ಮರಾಠಿಯಲ್ಲಿ ಬರೆಸಿ ತಾವೇ ತಿದ್ದಿದರು.

"ಮಾಸ್ತರ್ರ, ಎಸ್ಸೆಸ್ಸೆಲ್ಸಿ ಬೋರ್ಡಿನ್ಯಾವ್ರು ನಿಮ್ಮಂಗ ಇರಂಗಿಲ್ರಿ. ಅಲ್ಲಿ ಅಕಿ ಕನ್ನಡದಾಗನ ಬರೀಬೇಕು," ಎಂದೆ.

"ತಿಳಿಯೂದು ಮುಖ್ಯರಿ. ಬರಿಯೂದು ತಾನ ಬರ್ತೈತಿ."

ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಸುಮನ್ ನಪಾಸಾದಳು, ಅದೂ ಇತಿಹಾಸದಲ್ಲಿ. ಮಾಸ್ತರರು ನೋಟೀಸು ಬೋರ್ಡಿನ ಮುಂದೆ ನಿಂತೇ ಇದ್ದರು. "ಅಕೀಗೆ ಎಲ್ಲಾ ಗೊತ್ತಿತ್ರಿ ಅಕ್ಕೋರ," ಎಂದರು. "ನಾನ ಬರಿಯಾಕ ಕಲಿಸಲಿಲ್ಲ."

ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿ ಎಂದು ಬೇಡಿಕೊಳ್ಳಲು ಕಣಕುಂಬಿಗೆ ಹೋದರು. ಅವಳ ಅಪ್ಪ ಚಹಾ ಕೊಟ್ಟು, ಗುರುಗಳ ಮರ್ಯಾದೆಗೆಂದು ಬಾರದ ಕನ್ನಡದಲ್ಲೇ ಹೇಳಿದನಂತೆ: "ಗುರುಜಿ, ನೀವು ಬಂದದ್ದು ಭಾಳ ಛಲೋ. ಆದ್ರ ಸಾಲಿ ಸಾಕು. ಪೋರಿ ಲಗ್ನ ಠರಾವ್ ಆತು." ಮಗಳ ಮದುವೆ ಗೊತ್ತಾಗಿಬಿಟ್ಟಿತ್ತು. ಸುಮನ್ ಬಾಗಿಲ ಹಿಂದಿದ್ದಳಂತೆ, ಹೊರಗೆ ಬರಲಿಲ್ಲವಂತೆ.

ಆಮೇಲೆ ಮಾಸ್ತರರ ಬಾಯಲ್ಲಿ ಆ ಶಬ್ದ ನಾನು ಕೇಳಲಿಲ್ಲ. ಮರಾಠಿ ಮಕ್ಕಳು ಪಿಳಿಪಿಳಿ ನೋಡಿದರೂ ಬಿಡದೆ ಉತ್ತರಗಳನ್ನು ಕನ್ನಡದಲ್ಲಿ ಹೇಳುವರು, ಬರೆಸುವರು, ಬಾಯಿಪಾಠ ಒಪ್ಪಿಸಿಕೊಳ್ಳುವರು. ಮಕ್ಕಳು ಪಾಸಾಗತೊಡಗಿದರು. ಎಂಬತ್ತರ ದಶಕದ ನಡುವೆ ಅವರು ನಿವೃತ್ತರಾದಾಗ ಹೆಡ್‌ಮಾಸ್ತರರು ಹಾರ ಹಾಕಿ ಅದನ್ನೇ ಹಾಡಿ ಹೊಗಳಿದರು.

ಆ ಸಂಜೆ ಸ್ಟೇಷನ್ನಿನಲ್ಲಿ ನಾನೂ ಹಿಗ್ಗಿನಿಂದ, "ಈ ವರ್ಷ ಎಲ್ಲಾರೂ ಪಾಸಾದ್ರಲ್ರಿ ಮಾಸ್ತರ್ರ!" ಎಂದೆ.

"ಆದ್ರು," ಎಂದರು. ರೈಲು ಬರುವ ದಿಕ್ಕಿಗೆ ನೋಡುತ್ತಾ, "ಖರೇ ಒಬ್ಬರೂ ಎದ್ದು ನಿಂತು ಏನೂ ಕೇಳಲಿಲ್ರಿ," ಎಂದರು.

ರೈಲು ಬಂತು, ನಾನು ಹೆಂಗಸರ ಬೋಗಿ ಹತ್ತಿದೆ. ಬೆಳಗಾವಿಯಲ್ಲಿ ಇಳಿದಾಗ ಗದ್ದಲದಲ್ಲಿ ಅವರು ಸಿಗಲಿಲ್ಲ, ಆ ರೈಲಿನಲ್ಲಿ ಮತ್ತೆಂದೂ ಸಿಗಲಿಲ್ಲ.